ದಿನಕ್ಕೊಂದೇ ಕೋಲ್ಡ್ ಸ್ಟಾರ್ಟ್

ಎಂ.ಎಸ್ಸಿ. ಮುಗಿಸಿದ ವರ್ಷ ನಾನು ಮನೆಯಲ್ಲಿ ಉಳಿದುಬಿಟ್ಟೆ. ಯಾರೂ ತಡೆದಿರಲಿಲ್ಲ. ನಮ್ಮ ಕಾರು ಬೆಳಗ್ಗೆ ನನ್ನ ಕೈಗೆ ಮಾತ್ರ ಸ್ಟಾರ್ಟ್ ಆಗುತ್ತಿತ್ತು, ಅಷ್ಟೆ.

ನಮ್ಮೂರು ಕಡಬಕ್ಕೆ ಬಂದಾಗ ಎರಡು ತಿಂಗಳ ಮಟ್ಟಿಗೆ ಎಂದುಕೊಂಡಿದ್ದೆ. ಧಾರವಾಡದಲ್ಲಿ ಸಂಶೋಧನೆಗೆ ಸೀಟು ಸಿಕ್ಕಿತ್ತು. ಮನೆಯ ಪರಿಸ್ಥಿತಿ ಎಂದು ಬರೆದು ಒಂದು ಸಲ ಮುಂದೂಡಿಸಿಕೊಂಡಿದ್ದೆ. ಜನವರಿಯ ಮೊದಲ ಸೋಮವಾರದೊಳಗೆ ಹಾಜರಾಗದಿದ್ದರೆ ಸೀಟು ಮುಂದಿನವರಿಗೆ ಹೋಗುತ್ತದೆಂದು ಅಲ್ಲಿಂದ ಉತ್ತರ ಬಂದಿತ್ತು. ಮನೆಯ ಪರಿಸ್ಥಿತಿ ಎಂದರೆ ಏನೆಂದು ಅವರು ಕೇಳಲಿಲ್ಲ. ಕೇಳಿದ್ದರೆ ಹೇಳಲು ನಾಚಿಕೆಯಾಗುತ್ತಿತ್ತು.

ಅಪ್ಪನದು ಡ್ರೈವಿಂಗ್ ಸ್ಕೂಲ್. ಒಂದು ಕಾರು, ಒಬ್ಬರೇ ಮಾಷ್ಟ್ರು. ಮಾಷ್ಟ್ರ ಬದಿಗೂ ಬ್ರೇಕು, ಕ್ಲಚ್ಚು ಜೋಡಿಸಿದ ಆ ಹಳೆಯ ಪೆಟ್ರೋಲ್ ಕಾರು ನನಗಿಂತ ಒಂದು ವರ್ಷ ದೊಡ್ಡದು. ಬೆಳಗ್ಗೆ ಆರೂವರೆಗೆ ಮೊದಲ ಬ್ಯಾಚು, ಹೆಚ್ಚಿನವರು ಹೆಂಗಸರು. ಮನೆಗೆಲಸಕ್ಕೆ, ಅಂಗಡಿಗೆ, ಶಾಲೆಗೆ ಹೋಗುವ ಮೊದಲು ಬಂದು ಕಲಿಯುವವರು. ಆ ಬ್ಯಾಚು ತಪ್ಪಿದರೆ ಅಪ್ಪನಿಗೆ ಅರ್ಧ ಸಂಪಾದನೆ ತಪ್ಪಿದ ಹಾಗೆ.

ಕಾರಿನ ಕಾರ್ಬ್ಯುರೇಟರ್ ಸವೆದು ಎರಡು ವರ್ಷವಾಗಿತ್ತು. ಬದಲಿ ಭಾಗಕ್ಕೆ ಅಪ್ಪ ಸುಳ್ಯದ ಗುಜರಿ ಅಂಗಡಿಗಳನ್ನೆಲ್ಲ ಸುತ್ತಿದರು. ಸಿಗಲಿಲ್ಲ. ಕೊನೆಗೆ ಪುತ್ತೂರಿನ ದರ್ಬೆಯಲ್ಲಿ ಗ್ಯಾರೇಜ್ ಇಟ್ಟುಕೊಂಡಿದ್ದ ಮೆಕ್ಯಾನಿಕ್ ಒಬ್ಬರು, ಕಾರ್ಬ್ಯುರೇಟರ್ ತೆಗೆದುಹಾಕಿ ಬೇರೆ ಕಂಪನಿಯ ಇಂಜೆಕ್ಷನ್ ಕಿಟ್ ಹಾಕಿಕೊಟ್ಟರು. ಎಂಜಿನ್ನಿಗೆ ಎಷ್ಟು ಪೆಟ್ರೋಲ್ ಹೋಗಬೇಕೆಂದು ಇನ್ನು ಮುಂದೆ ಒಂದು ಸಣ್ಣ ಪೆಟ್ಟಿಗೆ ತೀರ್ಮಾನಿಸುತ್ತದೆ, ಆ ಪೆಟ್ಟಿಗೆಗೆ ಲ್ಯಾಪ್‌ಟಾಪಿನಿಂದ ಅಂಕಿಗಳನ್ನು ತುಂಬಬೇಕು ಎಂದರು. ಬಿಸಿ ಎಂಜಿನ್ನಿನ ಅಂಕಿಗಳನ್ನು ಅವರೇ ತುಂಬಿದರು. ಬೆಳಗಿನ ತಣ್ಣಗಿನ ಎಂಜಿನ್ನಿನದು ಮಾತ್ರ ಅವರಿಂದ ಆಗದ ಕೆಲಸ. ಕಾರು ಕಡಬದಿಂದ ದರ್ಬೆಗೆ ಮುಟ್ಟುವಷ್ಟರಲ್ಲಿ ಬಿಸಿಯಾಗಿರುತ್ತದೆ, ರಾತ್ರಿ ಅಲ್ಲೇ ಬಿಟ್ಟರೆ ಬೆಳಗಿನ ಬ್ಯಾಚು ತಪ್ಪುತ್ತದೆ. ನಿಮ್ಮ ಮಗಳು ಸಯನ್ಸ್ ಅಲ್ವಾ, ಅವಳೇ ಮಾಡಲಿ ಎಂದು ಅಪ್ಪನಿಗೆ ಹೇಳಿ ಒಂದು ಕೇಬಲ್ ಕೊಟ್ಟು ಕಳಿಸಿದರು.

ನಾನು ಒಪ್ಪಿಕೊಂಡೆ. ಲೆಕ್ಕ ಸರಳವಾಗಿತ್ತು. ಎಂಜಿನ್ ತಣ್ಣಗಿರುವಾಗ ಪೆಟ್ರೋಲ್ ಸರಿಯಾಗಿ ಆವಿಯಾಗುವುದಿಲ್ಲ. ಒಳಗಿನ ಗೋಡೆಗೆ ಅಂಟಿಕೊಂಡು ಕೂರುತ್ತದೆ. ಹೊತ್ತಿಕೊಳ್ಳುವಷ್ಟು ಆವಿ ಸಿಗಬೇಕಾದರೆ ಬೇಕಾದ್ದಕ್ಕಿಂತ ಹೆಚ್ಚು ಸುರಿಯಬೇಕು. ಕೀ ತಿರುಗಿಸುವಾಗ ಎಷ್ಟು, ಹೊತ್ತಿಕೊಂಡ ಮೇಲೆ ಎಷ್ಟು ಸೆಕೆಂಡು ಎಷ್ಟು, ಬಿಸಿಯೇರುತ್ತ ಹೋದಂತೆ ಎಷ್ಟು ಕಡಿಮೆ ಎಂದು ಒಂದೊಂದು ಉಷ್ಣತೆಗೂ ಒಂದೊಂದು ಅಂಕಿ. ಕಿಟ್ ತಯಾರಿಸಿದವರ ಕೋಷ್ಟಕ ಮೈನಸ್ ನಲವತ್ತು ಡಿಗ್ರಿಯಿಂದ ಶುರುವಾಗುತ್ತಿತ್ತು. ನಮಗೆ ಬೇಕಾದದ್ದು ಹದಿನೆಂಟರಿಂದ ಮೂವತ್ತರವರೆಗಿನ ಒಂದೆರಡು ಚೌಕಗಳು ಮಾತ್ರ.

ತೊಡಕೊಂದೇ. ಎಂಜಿನ್ ಒಮ್ಮೆ ಸ್ಟಾರ್ಟ್ ಆದರೆ ಆ ದಿನದ ಪರೀಕ್ಷೆ ಮುಗಿಯಿತು. ಮತ್ತೆ ಪೂರ್ತಿ ತಣಿಯಲು ಒಂದು ರಾತ್ರಿ ಬೇಕು. ಪ್ರಯೋಗಾಲಯದಲ್ಲಿ ಒಂದು ಮಧ್ಯಾಹ್ನ ಮುಗಿಸಬಹುದಾದ ಕೆಲಸಕ್ಕೆ ಇಲ್ಲಿ ತಿಂಗಳು ಹಿಡಿಯುತ್ತಿತ್ತು. ದಿನಕ್ಕೊಂದು ಅಂಕಿ ಬದಲಿಸುವುದು, ಮರುದಿನ ಬೆಳಗಿನವರೆಗೆ ಕಾಯುವುದು.

ಆರು ಗಂಟೆಗೆ ಮೊದಲು ಅಪ್ಪ ಕಾರಿನಲ್ಲಿ ಕೂತು ಪ್ರಯತ್ನಿಸುತ್ತಿದ್ದರು. ಸ್ಟಾರ್ಟರ್ ತಿರುಗುವ ಸದ್ದು ನನ್ನ ಕೋಣೆಯವರೆಗೆ ಕೇಳುತ್ತಿತ್ತು. ನಾಲ್ಕೈದು ಸಲ ಆದ ಮೇಲೆ ಅಮ್ಮ ಬಾಗಿಲು ತಟ್ಟುತ್ತಿದ್ದರು. ನಾನು ಹೋಗಿ ಕೂತು ಕೀ ತಿರುಗಿಸಿದರೆ ಎರಡು ಸೆಕೆಂಡಿನಲ್ಲಿ ಎಂಜಿನ್ ಹೊತ್ತಿಕೊಳ್ಳುತ್ತಿತ್ತು. ಅಪ್ಪ ತಿರುಗಿಸಿ ತಿರುಗಿಸಿ ಪೆಟ್ರೋಲ್ ಪಂಪಿನ ಒತ್ತಡ ಏರಿರುತ್ತದೆ, ಅದರ ಲಾಭ ನನಗೆ ಸಿಗುತ್ತಿದೆ, ಅಂದರೆ ಮೊದಲ ಸುರಿತ ಸಾಲದು ಎಂದು ನಾನು ತರ್ಕಿಸಿದೆ. ಅಂಕಿ ಏರಿಸಿದೆ. ಮರುದಿನವೂ ಅಪ್ಪನಿಗೆ ಆಗಲಿಲ್ಲ. ನನಗೆ ಸ್ಟಾರ್ಟ್ ಆಯಿತು, ಕಪ್ಪು ಹೊಗೆಯೊಂದಿಗೆ. ಅಂಕಿ ಇಳಿಸಿದೆ. ನಾನೇ ಮೊದಲು ತಿರುಗಿಸಿದ ದಿನ ಒಂದೇ ಸಲಕ್ಕೆ ಆಗುತ್ತಿತ್ತು. ಕೋಷ್ಟಕ ಸರಿಯಾಯಿತೆಂದು ನಂಬಿ ಮರುದಿನ ಅಪ್ಪನಿಗೆ ಬಿಟ್ಟರೆ ಆಗುತ್ತಿರಲಿಲ್ಲ. ಉಷ್ಣತೆ ನೋಡಿದರೆ ಒಂದು ಡಿಗ್ರಿ ವ್ಯತ್ಯಾಸ. ಆ ಒಂದು ಡಿಗ್ರಿಯನ್ನು ಬೆನ್ನಟ್ಟಿಕೊಂಡು ನಾನು ನವೆಂಬರ್ ಕಳೆದೆ.

ಬೇರೆಯವರೂ ಪ್ರಯತ್ನಿಸಿದರು. ಅಮ್ಮನಿಗೆ ಆಗಲಿಲ್ಲ. ಬ್ಯಾಚಿನ ಹೆಂಗಸರಿಗೆ ಆಗಲಿಲ್ಲ. ರಸ್ತೆಯಾಚೆ ದಿನಸಿ ಅಂಗಡಿ ಇಟ್ಟುಕೊಂಡಿರುವ ಬ್ಯಾರಿ ಕಾಕ ಸ್ವತಃ ಪಿಕಪ್ ಓಡಿಸುವವರು, ಅವರಿಗೂ ಆಗಲಿಲ್ಲ. ಸ್ಟೀರಿಂಗಿನ ಹಿಂದಿನಿಂದ ಇಳಿದು ಬಂದು ಅವರು ಅಪ್ಪನಿಗೆ ಹೇಳಿದರು:

"ಮಾಷ್ಟ್ರೆ, ಇದಕ್ಕೆ ನಿಮ್ಮ ಮಗಳ ಕೈಯೇ ಆಗ್ಬೇಕು. ಅವಳಿಗೆ ಗಂಡು ನೋಡುವಾಗ ಕಾರು ಸಮೇತ ಅಂತ ಹೇಳಿಬಿಡಿ."

ಎಲ್ಲರೂ ನಕ್ಕರು. ಅಪ್ಪ ಹೆಚ್ಚು ನಕ್ಕರು. ಕಾರು ಮಗಳ ಕೈಗೆ ಮಾತ್ರ ಒಲಿಯುತ್ತದೆ ಎಂಬ ಮಾತು ಆ ವಾರವೇ ಪೇಟೆಯವರೆಗೆ ಹೋಯಿತು. ಔಷಧಿ ಅಂಗಡಿಯಲ್ಲಿ ಒಬ್ಬರು ನನ್ನನ್ನು ತಡೆದು, ಅವರ ಸ್ಕೂಟರಿಗೂ ಒಮ್ಮೆ ಕೈ ಇಟ್ಟು ಹೋಗುವಂತೆ ಹೇಳಿದರು.

ನಾನು ಎರಡು ದಿನ ಪುತ್ತೂರಿನಲ್ಲಿ ದೊಡ್ಡಮ್ಮನ ಮನೆಯಲ್ಲಿ ಉಳಿದಾಗ ಎರಡೂ ಬೆಳಗ್ಗೆ ಕಾರನ್ನು ಅಂಗಳದಿಂದ ರಸ್ತೆಗೆ ದೂಡಿ, ಇಳಿಜಾರಿನಲ್ಲಿ ಬಿಟ್ಟು ಸ್ಟಾರ್ಟ್ ಮಾಡಬೇಕಾಯಿತು. ದೂಡಿದವರು ಕಲಿಯಲು ಬಂದ ಹೆಂಗಸರೇ. ಎರಡನೆಯ ದಿನ ಇಬ್ಬರು ಬರಲಿಲ್ಲ. ನಾನು ಹಿಂದಿರುಗಿದ ಸಂಜೆ ಅಮ್ಮ ಇದನ್ನೆಲ್ಲ ದೂರಿನ ಹಾಗೆ ಹೇಳಲಿಲ್ಲ. ತರಕಾರಿ ಹೆಚ್ಚುತ್ತ, ಹವೆಯ ಬಗ್ಗೆ ಹೇಳುವ ಹಾಗೆ ಹೇಳಿದರು. ಕೊನೆಗೆ, "ನೀನು ಧಾರವಾಡಕ್ಕೆ ಹೋದ್ರೆ ಕಾರಿಗೆ ಎಂತ ಮಾಡುದು?" ಎಂದರು.

ಹೋಗಬೇಡ ಎಂದಿದ್ದರೆ ನನ್ನ ಬಳಿ ಉತ್ತರವಿತ್ತು. ಕಾರಿಗೆ ಏನು ಮಾಡುವುದೆಂಬುದಕ್ಕೆ ಇರಲಿಲ್ಲ. ಅಂದಿನಿಂದ ನನ್ನ ದಿನ ಆರು ಗಂಟೆಯ ಸುತ್ತ ಬಿಗಿದುಕೊಂಡಿತು. ಹಿಂದಿನ ರಾತ್ರಿ ಬೇಗ ಮಲಗುತ್ತಿದ್ದೆ. ಎಲ್ಲಿಗೆ ಹೋದರೂ ಕೊನೆಯ ಬಸ್ಸಿನಲ್ಲಿ ವಾಪಸು ಬರುತ್ತಿದ್ದೆ. ಜ್ವರ ಬಂದ ದಿನವೂ ಶಾಲು ಹೊದ್ದು ಹೋಗಿ ಕೂತು ಕೀ ತಿರುಗಿಸಿ ಬಂದು ಮತ್ತೆ ಮಲಗಿದೆ. ಅಪ್ಪ ಕ್ರಮೇಣ ಪ್ರಯತ್ನಿಸುವುದನ್ನೇ ಕಡಿಮೆ ಮಾಡಿದರು. ಕೀಯನ್ನು ನನ್ನ ಚಹಾ ಲೋಟದ ಪಕ್ಕ ಇಡುತ್ತಿದ್ದರು.

ಕಾರಣ ತಿಳಿದದ್ದು ಡಿಸೆಂಬರಿನ ಕೊನೆಯ ವಾರ, ಆಕಸ್ಮಿಕವಾಗಿ. ಅಂದು ಬೆಳಗ್ಗೆ ಲ್ಯಾಪ್‌ಟಾಪನ್ನು ಕಾರಿಗೆ ಜೋಡಿಸಿ, ಎಂಜಿನ್ನಿನ ಅಂಕಿಗಳು ದಾಖಲಾಗಲು ಬಿಟ್ಟು, ಸ್ನಾನಕ್ಕೆ ಹೋಗಿದ್ದೆ. ಬ್ಯಾಚಿನವರು ಬೇಗ ಬಂದರೆಂದು ಅಪ್ಪ ತಾವೇ ಕೂತು ಪ್ರಯತ್ನಿಸಿದ್ದರು. ಎಂದಿನಂತೆ ಆಗಲಿಲ್ಲ, ಎಂದಿನಂತೆ ನಾನು ಬಂದು ಸ್ಟಾರ್ಟ್ ಮಾಡಿದೆ. ಅವರೆಲ್ಲ ಹೋದ ಮೇಲೆ ದಾಖಲೆ ತೆರೆದೆ. ಅದುವರೆಗೆ ನಾನು ನೋಡಿದ್ದ ದಾಖಲೆಗಳೆಲ್ಲ ನಾನು ಕೂತಿದ್ದಾಗಿನವು. ಅಪ್ಪ ಕೂತಿದ್ದಾಗಿನದು ಇದೇ ಮೊದಲು.

ಆಕ್ಸಿಲರೇಟರ್ ಪೆಡಲನ್ನು ಎಷ್ಟು ಒತ್ತಿದರೆಂದು ತೋರಿಸುವ ಗೆರೆ ಸೊನ್ನೆಯಿಂದ ನೂರಕ್ಕೆ ಏರಿ ಇಳಿದಿತ್ತು. ಮತ್ತೊಮ್ಮೆ. ಮೂರನೆಯ ಸಲ. ನಾಲ್ಕನೆಯ ಸಲ ನೂರಕ್ಕೆ ಏರಿದ್ದು ಅಲ್ಲೇ ನಿಂತಿತ್ತು, ಸ್ಟಾರ್ಟರ್ ತಿರುಗುವಷ್ಟು ಹೊತ್ತೂ. ಅದರ ಕೆಳಗೆ ಪೆಟ್ರೋಲಿನ ಗೆರೆ ಸೊನ್ನೆಯಲ್ಲಿ ಚಪ್ಪಟೆಯಾಗಿ ಬಿದ್ದುಕೊಂಡಿತ್ತು. ಅಪ್ಪ ತಿರುಗಿಸಿದ ಅಷ್ಟೂ ಹೊತ್ತು ಎಂಜಿನ್ನಿಗೆ ಒಂದು ಹನಿಯೂ ಹೋಗಿರಲಿಲ್ಲ.

ಕಿಟ್ಟಿನ ಕೈಪಿಡಿಯಲ್ಲಿ ಆ ಸಾಲು ಇತ್ತು. ನಾನು ಓದಿಯೂ ಇದ್ದೆ. ಪೆಟ್ರೋಲ್ ಹೆಚ್ಚಾಗಿ ಎಂಜಿನ್ ತೊಯ್ದುಹೋದರೆ, ಪೆಡಲನ್ನು ಪೂರ್ತಿ ಒತ್ತಿ ಹಿಡಿದು ಕೀ ತಿರುಗಿಸಬೇಕು. ಆಗ ಪೆಟ್ಟಿಗೆ ಪೆಟ್ರೋಲನ್ನು ಪೂರಾ ನಿಲ್ಲಿಸಿ ಬರೀ ಗಾಳಿ ಎಳೆಸಿ ಒಳಗನ್ನು ಒಣಗಿಸುತ್ತದೆ. ನಮ್ಮ ಅಪ್ಪ ದಿನಾ ಬೆಳಗ್ಗೆ ಒಣಗಿದ ಎಂಜಿನ್ನನ್ನು ಒಣಗಿಸುತ್ತಿದ್ದರು.

"ತಂಪು ಗಾಡಿಗೆ ಮೂರು ಸಲ ತುಳಿ, ನಾಲ್ಕನೇದು ಒತ್ತಿ ಹಿಡಿ, ಮತ್ತೆ ಕೀ." ಇದು ಅಪ್ಪನ ಮೊದಲ ಪಾಠ. ಹಿಂದೊಮ್ಮೆ ಕಾರಿನ ಚೋಕಿನ ವಯರು ತುಂಡಾಗಿ, ಅದಿಲ್ಲದೆ ತಣ್ಣಗಿನ ಕಾರ್ಬ್ಯುರೇಟರಿಗೆ ಪೆಟ್ರೋಲ್ ಮುಟ್ಟಿಸಲು ಅವರೇ ಕಂಡುಕೊಂಡ ಕ್ರಮ. ಮೂರು ತುಳಿತಕ್ಕೆ ಪೆಟ್ರೋಲ್ ಚಿಮ್ಮಬೇಕು, ಚಿಮ್ಮಿದ್ದು ಹೆಚ್ಚಾಗದಂತೆ ಒತ್ತಿ ಹಿಡಿದು ಗಾಳಿ ಕೊಡಬೇಕು. ಆ ಕಾರ್ಬ್ಯುರೇಟರಿಗೆ ಅದು ಸರಿಯಾಗಿಯೇ ಇತ್ತು. ವಯರು ಸರಿಯಾದ ಮೇಲೂ ಪಾಠ ಉಳಿಯಿತು. ಅಮ್ಮ ಕಲಿತದ್ದು ಅಪ್ಪನಿಂದ. ಬ್ಯಾಚಿನ ಹೆಂಗಸರು ಅಪ್ಪನಿಂದ. ಕಾಕನೂ ಅಪ್ಪನ ಶಿಷ್ಯರೇ. ಸುತ್ತಮುತ್ತ ಆ ಸೀಟಿನಲ್ಲಿ ಕೂತವರೆಲ್ಲರದೂ ಅಪ್ಪ ಕಲಿಸಿದ ಒಂದೇ ಕಾಲು.

ನನಗೆ ಮಾತ್ರ ಕಾರು ಓಡಿಸಲು ಬರುವುದಿಲ್ಲ. ಹದಿನೆಂಟಕ್ಕೆ ಒಂದು ದಿನ ಕೂತಿದ್ದೆ. ನಾಲ್ಕು ಜನರ ಮುಂದೆ ಗದರಿದರೆಂದು ಇಳಿದವಳು ಮತ್ತೆ ಹತ್ತಲಿಲ್ಲ. ಹಾಗಾಗಿ ನಾನು ಉಪಕರಣದ ಸ್ವಿಚ್ಚು ಹಾಕುವ ಹಾಗೆ ಕೀ ತಿರುಗಿಸುತ್ತಿದ್ದೆ, ಪೆಡಲಿನ ಮೇಲೆ ಕಾಲನ್ನೇ ಇಡುತ್ತಿರಲಿಲ್ಲ. ಒಂದು ಪ್ರಯೋಗದಲ್ಲಿ ಒಂದೇ ಸಂಗತಿ ಬದಲಾಗಬೇಕೆಂದು ಐದು ವರ್ಷ ಓದಿದವಳು ನಾನು. ಕೂತ ವ್ಯಕ್ತಿಯೂ ಒಂದು ಸಂಗತಿ ಎಂದು ನನಗೆ ಹೊಳೆದಿರಲಿಲ್ಲ.

ಕಾರಣ ತಿಳಿದ ಕೂಡಲೇ ಬಿಡುಗಡೆಯಾಗಬೇಕಿತ್ತು. ಬದಲಾಗಿ ಇನ್ನಷ್ಟು ಸಿಕ್ಕಿಕೊಂಡೆ. ಹೇಳಿದರೆ, ಕಡಬಕ್ಕೆಲ್ಲ ಕಲಿಸಿದವರಿಗೆ ನಿಮ್ಮ ಮೊದಲ ಪಾಠವೇ ಕಾರನ್ನು ನಿಲ್ಲಿಸುತ್ತಿದೆ ಎಂದು ಹೇಳಬೇಕು. ಹೇಳದೆ ಮಾಡುವ ದಾರಿಯೂ ಒಂದಿತ್ತು. ಪೆಡಲ್ ಎಷ್ಟು ಒತ್ತಿದರೆ ಪೆಟ್ರೋಲ್ ನಿಲ್ಲಬೇಕೆಂಬ ಅಂಕಿಯೂ ಲ್ಯಾಪ್‌ಟಾಪಿನಲ್ಲೇ ಇತ್ತು. ಅದನ್ನು ನೂರಕ್ಕಿಂತ ಮೇಲೆ ಇಟ್ಟುಬಿಟ್ಟರೆ ಅಪ್ಪ ಎಷ್ಟು ಒತ್ತಿದರೂ ನಿಲ್ಲುವುದಿಲ್ಲ. ಅಂಕಿಯನ್ನು ಬರೆದೂ ಬಿಟ್ಟೆ. ಪೆಟ್ಟಿಗೆಗೆ ಕಳಿಸುವ ಗುಂಡಿ ಒತ್ತುವ ಮೊದಲು ಕೈ ತೆಗೆದೆ. ಕಾರು ಎಲ್ಲಾದರೂ ಘಾಟಿಯಲ್ಲಿ ನಿಜಕ್ಕೂ ತೊಯ್ದು ನಿಂತರೆ ಒಣಗಿಸುವ ದಾರಿ ಅಪ್ಪನಿಗೆ ಇರುವುದಿಲ್ಲ ಎಂಬುದು ಒಂದು ಕಾರಣ. ಇನ್ನೊಂದು, ಹಾಗೆ ಮಾಡಿದರೆ ಕಾರು ನನ್ನ ಕೈಗೆ ಒಲಿಯುತ್ತದೆಂಬ ಮಾತು ಹಾಗೇ ಉಳಿದುಬಿಡುತ್ತದೆ. ಮುಂದೆ ಯಾವ ಸಣ್ಣ ತೊಂದರೆ ಬಂದರೂ ಧಾರವಾಡಕ್ಕೆ ಫೋನು ಬರುತ್ತದೆ.

ಎರಡು ದಿನ ಕಳೆದು ಮಧ್ಯಾಹ್ನ ಊಟವಾದ ಮೇಲೆ ಅಪ್ಪನ ಮುಂದೆ ಲ್ಯಾಪ್‌ಟಾಪ್ ಇಟ್ಟು ಎರಡು ಗೆರೆಗಳನ್ನು ತೋರಿಸಿದೆ. ಯಾವುದು ಪೆಡಲ್, ಯಾವುದು ಪೆಟ್ರೋಲ್ ಎಂದು ಹೇಳಿದೆ. ಇದಕ್ಕಿಂತ ಹೆಚ್ಚು ವಿವರಿಸಲಿಲ್ಲ. ಅಪ್ಪ ಕನ್ನಡಕ ಹಾಕಿ ಬಹಳ ಹೊತ್ತು ನೋಡಿದರು.

"ಹಾಗಾದ್ರೆ ಕಾಲು ಇಡುದೇ ಬೇಡ ಅಂತ."

"ಬೆಳಗ್ಗೆ ಸ್ಟಾರ್ಟ್ ಮಾಡುವಾಗ ಬೇಡ."

"ನಾನು ಇಪ್ಪತ್ತು ವರ್ಷದಿಂದ ಹೇಳಿಕೊಟ್ಟದ್ದು?"

"ಕಾರ್ಬ್ಯುರೇಟರಿಗೆ ಅದು ಸರಿಯೇ ಇತ್ತು ಅಪ್ಪ."

ಅವರು ಕನ್ನಡಕ ತೆಗೆದು ಮಡಿಸಿ ಜೇಬಿಗೆ ಹಾಕಿಕೊಂಡರು. ಅಮ್ಮ ಬಟ್ಟಲು ಒರೆಸುವುದನ್ನು ನಿಲ್ಲಿಸಿದ್ದರು. ನಾಳೆ ಬೆಳಗ್ಗೆ ಒಮ್ಮೆ ನೋಡಿ ಎಂದೆ. ನೋಡುವ ಎಂದರು.

ಮರುದಿನ ಬೆಳಗ್ಗೆ ಕೀ ನನ್ನ ಚಹಾ ಲೋಟದ ಪಕ್ಕದಲ್ಲಿತ್ತು. ಅದರ ಮರುದಿನವೂ. ಅಪ್ಪ ಕಾರಿನ ಹತ್ತಿರವೂ ಬರದೆ ಜಗಲಿಯಲ್ಲಿ ಪೇಪರು ಹಿಡಿದು ಕೂರುತ್ತಿದ್ದರು. ನಾನು ಸ್ಟಾರ್ಟ್ ಮಾಡಿ ಇಳಿಯುತ್ತಿದ್ದೆ, ಅವರು ಹತ್ತುತ್ತಿದ್ದರು. ಅಮ್ಮ ಒಂದು ಸಲ ನನ್ನ ಬಳಿ, ಹೇಗೂ ಇಷ್ಟು ತಡವಾಗಿದೆ, ಮುಂದಿನ ವರ್ಷ ಕೇಳಿದರೆ ಸೀಟು ಕೊಡುವುದಿಲ್ಲವಾ ಎಂದು ಕೇಳಿದರು. ಕೊಡುವುದಿಲ್ಲ ಎಂದೆ. ನಾನು ಬಟ್ಟೆ ಜೋಡಿಸಿಕೊಳ್ಳುವುದನ್ನು ನೋಡಿಯೂ ನೋಡದ ಹಾಗೆ ಇಬ್ಬರೂ ಓಡಾಡುತ್ತಿದ್ದರು. ಆ ಮನೆಯ ಯಾವ ಬಾಗಿಲಿಗೂ ಅಗಳಿ ಹಾಕಿರಲಿಲ್ಲ. ನನಗೆ ಉಸಿರು ಕಟ್ಟುತ್ತಿತ್ತು.

ಸೋಮವಾರಕ್ಕೆ ಸೇರಬೇಕಾದರೆ ಶನಿವಾರ ಹೊರಡಬೇಕಿತ್ತು. ಗುಂಡ್ಯದಲ್ಲಿ ಹಾಸನದ ಕಡೆಯ ಮೊದಲ ಬಸ್ಸು ಹಿಡಿಯುವುದೆಂದು ಲೆಕ್ಕ ಹಾಕಿದ್ದೆ. ರಿಕ್ಷಾಕ್ಕೆ ಹೇಳಲೇ ಎಂದಾಗ ಅಪ್ಪ, ಮನೆಯಲ್ಲಿ ಕಾರು ಇರುವಾಗ ರಿಕ್ಷಾ ಯಾಕೆ ಎಂದರು. ನಾನು ಹೊರಡುವುದು ಕೂಡ ಆ ಕಾರು ಸ್ಟಾರ್ಟ್ ಆಗುವುದರ ಮೇಲೆಯೇ ನಿಂತಿತು.

ಬೆಳಗಾಗುತ್ತಿತ್ತು. ಚೀಲಗಳನ್ನು ಡಿಕ್ಕಿಯಲ್ಲಿಟ್ಟು ನಾನು ಅಂಗಳದಲ್ಲಿ ನಿಂತೆ. ಆ ದಿನ ಕೀ ನನ್ನ ಲೋಟದ ಪಕ್ಕ ಇರಲಿಲ್ಲ, ಅಪ್ಪನ ಕೈಯಲ್ಲಿತ್ತು. ಅವರು ಹತ್ತಿ ಕೂತರು. ಸ್ಟಾರ್ಟರ್ ತಿರುಗಿತು. ಪೆಟ್ರೋಲ್ ಹೋಗದ ಎಂಜಿನ್ನಿನ ಸದ್ದು ಒಣಗಿರುತ್ತದೆ, ಒಂದೇ ತಾಳದಲ್ಲಿ ಓಡುತ್ತದೆ. ನನಗೆ ಮೊದಲ ಸೆಕೆಂಡಿನಲ್ಲೇ ಗೊತ್ತಾಯಿತು. ಅವರ ಮುಖ ನೋಡಿದರೆ ಬೇಕೆಂದು ಮಾಡಿದ್ದಲ್ಲ. ತಲೆ ಬೇಡ ಎಂದರೂ ಕಾಲು ತನ್ನ ಪಾಡಿಗೆ ಕೆಳಗೆ ಹೋಗಿತ್ತು. ಎರಡನೆಯ ಸಲವೂ ಅದೇ. ಮೂರನೆಯ ಸಲ ಅವರು ಎಡಗೈಯಿಂದ ತಮ್ಮ ಬಲ ಮೊಣಕಾಲನ್ನು ಹಿಡಿದುಕೊಂಡದ್ದು ಗಾಜಿನೊಳಗಿಂದ ಕಂಡಿತು, ಆದರೂ ಕಾಲು ಇಳಿಯಿತು. ಸ್ಟಾರ್ಟರ್ ಸದ್ದು ನಿಧಾನವಾಗತೊಡಗಿತ್ತು, ಬ್ಯಾಟರಿ ಸೋಲುತ್ತಿತ್ತು.

ಮಸೀದಿಯಿಂದ ಮರಳುತ್ತಿದ್ದ ಕಾಕ ಗೇಟಿನ ಹತ್ತಿರ ನಿಂತರು.

"ಎಂತ ಮಾಷ್ಟ್ರೆ, ದೂಡ್ಲಿಕ್ಕೆ ಜನ ಬೇಕಾ?"

ಅಮ್ಮ ನನ್ನ ಹತ್ತಿರ ಬಂದು ತೋಳು ಮುಟ್ಟಿದರು.

"ಬಸ್ಸು ತಪ್ತದೆ ಮಾರಾಯ್ತಿ. ಇವತ್ತೊಂದು ದಿನ ನೀನೇ ಕೂತ್ಕೊ."

ಹೋಗಿ ಕೂರಬಹುದಿತ್ತು. ಎರಡು ಸೆಕೆಂಡಿನ ಕೆಲಸ. ಬಸ್ಸು ಸಿಗುತ್ತಿತ್ತು, ಸೀಟು ಉಳಿಯುತ್ತಿತ್ತು. ಭಾನುವಾರ ಬೆಳಗ್ಗೆ ಆರಕ್ಕೆ ಇದೇ ಅಂಗಳದಲ್ಲಿ ಇದೇ ಸದ್ದು ಇರುತ್ತಿತ್ತು, ನಾನು ಎಲ್ಲಿದ್ದರೂ ಅದು ನನಗೆ ಕೇಳುತ್ತಿತ್ತು.

"ಇಲ್ಲ ಅಮ್ಮ," ಎಂದೆ. "ನಾನು ಕೂರುದಿಲ್ಲ."

ಅಷ್ಟು ಗಟ್ಟಿಯಾಗಿ ಹೇಳಬೇಕೆಂದಿರಲಿಲ್ಲ. ಕಾಕ ಬೇರೆ ಕಡೆ ನೋಡಿದರು. ಅಮ್ಮ ಕೈ ಹಿಂತೆಗೆದುಕೊಂಡರು. ಅಪ್ಪ ಕಾರಿನೊಳಗಿಂದ ನನ್ನನ್ನು ನೋಡಿದರು. ಗದರುತ್ತಾರೆಂದುಕೊಂಡೆ. ಗದರಿದರೂ ಈ ಸಲ ಕದಲುವುದಿಲ್ಲವೆಂದು ಕಾಲೂರಿ ನಿಂತಿದ್ದೆ.

ಅವರು ಬಾಗಿಲು ತೆರೆದು ಕೆಳಗಿಳಿದರು. ಬಾಗಿಲು ಮುಚ್ಚಿದರು. ಬಗ್ಗಿ ಒಳಗೆ ಕೈ ಹಾಕಿ ಗೇರು ಅಲ್ಲಾಡಿಸಿ ನ್ಯೂಟ್ರಲ್ ನೋಡಿದರು, ಹ್ಯಾಂಡ್ ಬ್ರೇಕ್ ಇನ್ನೊಮ್ಮೆ ಎಳೆದರು. ಆಮೇಲೆ ಎರಡೂ ಕಾಲುಗಳನ್ನು ಅಂಗಳದ ಮಣ್ಣಿನ ಮೇಲೆ ಗಟ್ಟಿಯಾಗಿ ಊರಿ, ಕಿಟಕಿಯಿಂದ ತೋಳು ತೂರಿಸಿ ಕೀ ತಿರುಗಿಸಿದರು.

ಎಂಜಿನ್ ಸೋತ ಬ್ಯಾಟರಿಯಲ್ಲಿ ಎರಡು ಸುತ್ತು ಎಳೆದಾಡಿ ಹೊತ್ತಿಕೊಂಡಿತು. ಮೊದಲು ಜೋರಾಗಿ ಓಡಿ, ಸ್ವಲ್ಪ ಸ್ವಲ್ಪವೇ ಇಳಿದು, ಒಂದು ಸಮಕ್ಕೆ ಬಂದು ನಿಂತಿತು. ಆ ಇಳಿತಕ್ಕೆ ಅಂಕಿ ಕೂರಿಸಲು ನನಗೆ ಹದಿನೇಳು ಬೆಳಗುಗಳು ಬೇಕಾಗಿದ್ದವು. ಅಂಗಳದಲ್ಲಿ ನಿಂತು ಕೇಳಿದ್ದು ಅದೇ ಮೊದಲು. ಯಾವಾಗಲೂ ಒಳಗೇ ಕೂತಿರುತ್ತಿದ್ದೆ.

"ಇದೆಂತ ಮಾಷ್ಟ್ರೆ," ಎಂದರು ಕಾಕ, "ಹೊರಗೆ ನಿಂತು ಸ್ಟಾರ್ಟ್ ಮಾಡುದಾ? ನಮಗೆ ಹೀಗೆ ಹೇಳಿಕೊಡ್ಲೇ ಇಲ್ಲ ನೀವು."

"ಇಂಜೆಕ್ಷನ್ ಗಾಡಿಗೆ ಹೀಗೇ," ಎಂದರು ಅಪ್ಪ. "ಬೆಳಗ್ಗೆ ಕಾಲು ಇಡ್ಲಿಕ್ಕಿಲ್ಲ. ಇನ್ನು ಬ್ಯಾಚಿನವರಿಗೂ ಹೀಗೇ ಹೇಳುದು."

ಮರ್ದಾಳ ದಾಟಿ ನೆಟ್ಟಣದ ಮೇಲೆ ಗುಂಡ್ಯಕ್ಕೆ ಹೊರಟೆವು. ನೆಟ್ಟಣದ ರೈಲ್ವೇ ಸ್ಟೇಷನ್ನಿನ ರಸ್ತೆ ಬಂದಾಗ ಅವರು ಎದುರು ಬಂದ ಲಾರಿಗೆ ಜಾಗ ಕೊಟ್ಟರು. ಗುಂಡ್ಯದಲ್ಲಿ ಹೋಟೆಲುಗಳ ಸಾಲಿನ ಮುಂದೆ ನಿಲ್ಲಿಸಿದರು, ಎಂಜಿನ್ ಬಂದ್ ಮಾಡಲಿಲ್ಲ. ನಾನು ಚೀಲಗಳನ್ನು ಇಳಿಸಿ ಅವರ ಕಿಟಕಿಯ ಹತ್ತಿರ ಬಂದೆ.

"ಆ ಗೆರೆ ನೂರಕ್ಕೆ ಹೋದದ್ದು," ಎಂದರು, ರಸ್ತೆಯನ್ನು ನೋಡುತ್ತ, "ಪೂರ್ತಿ ನೂರಾ?"

"ಪೂರ್ತಿ ನೂರು."

"ಹಾಗಾದ್ರೆ ಪೆಡಲಿನ ಕೇಬಲ್ ಸರಿ ಉಂಟು. ಸಡಿಲ ಆಗಿದೆ ಅಂತ ಗ್ರಹಿಸಿದ್ದೆ."

ಆ ದಿನದ ಮಟ್ಟಿಗೆ ಏಳೂವರೆಗೆ ಮುಂದೂಡಿದ್ದ ಮೊದಲ ಬ್ಯಾಚಿಗೆ ಹೊತ್ತಾಗುತ್ತಿತ್ತು. ಕಾರು ತಿರುಗಿಸಿಕೊಂಡು ಬಂದ ದಾರಿಯಲ್ಲೇ ಹೋದರು. ಹಾಸನದ ಬಸ್ಸು ಬರಲು ಇನ್ನೂ ಇಪ್ಪತ್ತು ನಿಮಿಷವಿತ್ತು. ಚೀಲಗಳನ್ನು ಕಾಲ ಬಳಿ ಇಟ್ಟುಕೊಂಡು ನಿಂತೆ.